ಒಂಟಿ ಹಳಿಯೋ, ಜೋಡಿ ಹಳಿಯೋ? ಈಥರ್ನೆಟ್ ತಂತಿಯ ಒಂದು ಮೌನ ದೋಷ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗಿನ ತೋಟವಿಲ್ಲದ ಊರು ವಿರಳ. ಇಲ್ಲಿಯ ರೈತನು ಕಾಯನ್ನು ಕೆಡವಿಸಿ ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸುತ್ತಾನೆ. ಎಂಟು ಹತ್ತು ತಿಂಗಳು, ಕೆಲವೊಮ್ಮೆ ಒಂದು ವರ್ಷವೇ ಕಳೆದು, ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಗಡಗಡನೆ ಸದ್ದು ಮಾಡತೊಡಗಿದಾಗ ಸುಲಿಸಿ, ಒಡೆಸಿ, ಉಂಡೆ ಕೊಬ್ಬರಿಯನ್ನು ತೆಗೆಯುತ್ತಾನೆ. ಇಷ್ಟು ಕಾಲದ ತಾಳ್ಮೆಯ ಫಲವು ತಿಪಟೂರಿನ ಮಾರುಕಟ್ಟೆಗೆ ಬಂದು ಮಾರಾಟವಾಗುವುದು ಮಾತ್ರ ಕೆಲವೇ ಗಂಟೆಗಳಲ್ಲಿ. ೨೦೧೪ರಿಂದೀಚೆಗೆ ಕರ್ನಾಟಕದ ಕೃಷಿ ಮಾರುಕಟ್ಟೆಗಳನ್ನು ಒಂದೇ ವಿದ್ಯುನ್ಮಾನ ವೇದಿಕೆಯ ಕೆಳಗೆ ತರುವ ಕೆಲಸ ನಡೆದುದರಿಂದ, ವರ್ತಕನು ಈಗ ತನ್ನ ದರವನ್ನು ಗಣಕಯಂತ್ರದ ಮೂಲಕ ನಮೂದಿಸುತ್ತಾನೆ. ಗೊತ್ತಾದ ಗಳಿಗೆಗೆ ಬಾಗಿಲು ಮುಚ್ಚುತ್ತದೆ. ಅದುವರೆಗೆ ಬಂದ ದರಗಳಲ್ಲಿ ಹೆಚ್ಚಿನದು ಗೆಲ್ಲುತ್ತದೆ. ಅರ್ಧ ನಿಮಿಷ ತಡವಾಗಿ ತಲಪಿದ ದರವು ಬಾರದ ದರಕ್ಕೆ ಸಮಾನ. ಕ್ವಿಂಟಲಿಗೆ ನೂರು ರೂಪಾಯಿ ಹೆಚ್ಚಿನ ದರವೊಂದು ಹೀಗೆ ದಾರಿಯಲ್ಲಿ ಉಳಿದುಹೋದರೆ, ಎಂಟು ಕ್ವಿಂಟಲು ತಂದ ರೈತನು ಎಂಟುನೂರು ರೂಪಾಯಿಗಳನ್ನು ತನಗೆ ತಿಳಿಯದೆಯೇ ಕಳೆದುಕೊಂಡಂತಾಯಿತು.

ಕೆಲವು ವರ್ಷಗಳ ಹಿಂದೆ ಇಂತಹ ಒಂದು ಮಂಡಿಗೆ ನಮ್ಮನ್ನು ಕರೆಯಿಸಿದ್ದರು. ಮುಂಭಾಗದಲ್ಲಿ ಕಚೇರಿ; ಅಂಗಳವನ್ನು ದಾಟಿ ನೂರೈವತ್ತು ಮೀಟರು ಹೋದರೆ ಗೋದಾಮು. ದರ ನಮೂದಿಸುವ ಗಣಕಯಂತ್ರ ಗೋದಾಮಿನಲ್ಲಿತ್ತು. ತಾಮ್ರದ ಈಥರ್ನೆಟ್ ತಂತಿಯನ್ನು ನೂರು ಮೀಟರಿಗಿಂತ ಉದ್ದ ಎಳೆಯಬಾರದಾದ್ದರಿಂದ ಅಂಗಳದಲ್ಲಿ ಫೈಬರನ್ನು ಹಾಸಿ, ಅದರ ಎರಡು ತುದಿಗಳಲ್ಲಿಯೂ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಚಿಕ್ಕ ಕನ್ವರ್ಟರುಗಳನ್ನು ಇಟ್ಟಿದ್ದರು. ಎಲ್ಲ ಕಡೆಯೂ ಹಸಿರು ದೀಪಗಳು ಉರಿಯುತ್ತಿದ್ದವು. ಬೆಳಗಿನ ಹೊತ್ತು ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು. ಹರಾಜಿನ ದಿನ ರಾಶಿಗಳ ಪಟ್ಟಿಯನ್ನು ತೆರೆದೊಡನೆ ಪರದೆ ನಿಂತುಬಿಡುತ್ತಿತ್ತು. ಮಂಡಿಯವರು ಮೊದಲು ಇಂಟರ್ನೆಟ್ ಒದಗಿಸುವವರನ್ನು ದೂರಿದರು. ಬಳಿಕ ಹೊಸ ಗಣಕಯಂತ್ರವನ್ನೇ ಕೊಂಡರು. ಫಲ ಮಾತ್ರ ಅದೇ. "ದೀಪ ಉರೀತಾ ಇದೆ ಸ್ವಾಮಿ, ತಂತಿ ಸರಿಯಾಗಿದೆ, ಕೆಲಸ ಮಾತ್ರ ಆಗೋಲ್ಲ" ಎಂದು ವಯಸ್ಸಾದ ಗುಮಾಸ್ತರು ಕೈಚೆಲ್ಲಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ದೀಪವೂ ಉರಿಯುತ್ತಿತ್ತು, ತಂತಿಯೂ ಸರಿಯಾಗಿತ್ತು.

ಈ ದೋಷವನ್ನು ತಿಳಿಯುವುದಕ್ಕೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು. ಈಥರ್ನೆಟ್ಟು ಹುಟ್ಟಿದ್ದು ೧೯೭೩ರಲ್ಲಿ, ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ. ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಅದನ್ನು ರೂಪಿಸಿದರು. ಬೆಳಕನ್ನು ಹೊತ್ತು ಸಾಗಿಸುತ್ತದೆಂದು ಹಿಂದಿನ ಭೌತವಿಜ್ಞಾನಿಗಳು ನಂಬಿದ್ದ ಸರ್ವವ್ಯಾಪಿ 'ಈಥರ್' ಎಂಬ ವಸ್ತುವಿನಿಂದ ಈ ಹೆಸರು ಬಂದಿತು. ೧೮೮೭ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಎಷ್ಟು ಹುಡುಕಿದರೂ ಸಿಕ್ಕದ ಆ ಈಥರ್, ಹೆಸರಿನ ಮಟ್ಟಿಗಾದರೂ ಈಗ ಕಚೇರಿ ಕಚೇರಿಯಲ್ಲಿಯೂ ಇದೆ! ಮೊದಲಿನ ಈಥರ್ನೆಟ್ಟಿನಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ದಪ್ಪನೆಯ ತಂತಿ. ಮಾತನಾಡಬೇಕೆಂದಿರುವ ಯಂತ್ರವು ಮೊದಲು ತಂತಿಗೆ ಕಿವಿಗೊಡಬೇಕು; ನಿಶ್ಶಬ್ದವಾಗಿದ್ದರೆ ಮಾತ್ರ ತನ್ನ ಸುದ್ದಿಯ ಕಂತೆಯನ್ನು ಕಳುಹಿಸಬೇಕು. ಇಬ್ಬರು ಒಟ್ಟಿಗೆ ಆರಂಭಿಸಿಬಿಟ್ಟರೆ ಸಂಜ್ಞೆಗಳು ಒಂದರ ಮೇಲೊಂದು ಬಿದ್ದು ಎರಡೂ ಕೆಡುತ್ತವೆ. ಇದಕ್ಕೆ ಡಿಕ್ಕಿ ಎಂದು ಹೆಸರು. ಡಿಕ್ಕಿಯನ್ನು ಕಂಡ ಯಂತ್ರಗಳೆರಡೂ ತಟ್ಟನೆ ನಿಂತು, ಮನಬಂದಷ್ಟು ಹೊತ್ತು ಕಾದು ಮತ್ತೆ ಪ್ರಯತ್ನಿಸುತ್ತವೆ. 'ಮನಬಂದಷ್ಟು' ಎಂಬುದು ಇಲ್ಲಿ ಹಾಸ್ಯದ ಮಾತಲ್ಲ. ಇಬ್ಬರೂ ಒಂದೇ ಹೊತ್ತು ಕಾದರೆ ಮತ್ತೆ ಡಿಕ್ಕಿಯಾಗುವುದರಿಂದ, ಕಾಯುವ ಕಾಲವನ್ನು ಪ್ರತಿಯೊಂದು ಯಂತ್ರವೂ ಚೀಟಿ ಎತ್ತಿದಂತೆ ಆರಿಸಿಕೊಳ್ಳುತ್ತದೆ. ಡಿಕ್ಕಿ ಮರುಕಳಿಸಿದಷ್ಟೂ ಚೀಟಿಗಳ ಸಂಖ್ಯೆ ಇಮ್ಮಡಿಸುತ್ತ ಹೋಗುತ್ತದೆ. ಹದಿನಾರು ಸಲ ಸೋತರೆ ಆ ಕಂತೆಯನ್ನು ಕೈಬಿಡುತ್ತದೆ.

ಇದನ್ನು ಒಂಟಿ ಹಳಿಯ ರೈಲುದಾರಿಗೆ ಹೋಲಿಸಬಹುದು. ಬೆಂಗಳೂರು-ಅರಸೀಕೆರೆ ದಾರಿಯಲ್ಲಿ ತುಮಕೂರಿನಿಂದ ಆಚೆ ಬಹುಕಾಲ ಒಂದೇ ಹಳಿಯಿತ್ತು. ಬಾಣಸಂದ್ರದಲ್ಲಿಯೋ ಕರಡಿಯಲ್ಲಿಯೋ ಗಾಡಿಯನ್ನು ನಿಲ್ಲಿಸಿ, ಎದುರಿನ ಗಾಡಿ ಬರುವವರೆಗೆ ಕಾದುದನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ. ಈಗ ಅಲ್ಲಿ ಜೋಡಿ ಹಳಿ. ಹೋಗುವುದು ಹೋಗುತ್ತಿರುತ್ತದೆ, ಬರುವುದು ಬರುತ್ತಿರುತ್ತದೆ. ಒಂಟಿ ಹಳಿಯ ಸಂಚಾರಕ್ಕೆ ಜಾಲದ ಭಾಷೆಯಲ್ಲಿ 'ಹಾಫ್ ಡ್ಯೂಪ್ಲೆಕ್ಸ್' ಎಂತಲೂ, ಜೋಡಿ ಹಳಿಯ ಸಂಚಾರಕ್ಕೆ 'ಫುಲ್ ಡ್ಯೂಪ್ಲೆಕ್ಸ್' ಎಂತಲೂ ಹೆಸರು. ಹೋಲಿಕೆಯಲ್ಲಿ ಒಂದು ವ್ಯತ್ಯಾಸವುಂಟು. ರೈಲಿನಲ್ಲಿ ಟೋಕನ್ ಕೈಗೆ ಬಾರದೆ ಚಾಲಕನು ಹೊರಡುವಂತಿರಲಿಲ್ಲ. ಈಥರ್ನೆಟ್ಟಿನಲ್ಲಿ ಅಂತಹ ಟೋಕನ್ ಇಲ್ಲ. ಕಿವಿಗೊಟ್ಟು ಕೇಳುವುದೊಂದೇ ರಕ್ಷಣೆ.

೧೯೯೦ರ ಹೊತ್ತಿಗೆ ದಪ್ಪ ತಂತಿಯ ಬದಲು ಹುರಿಮಾಡಿದ ಜೋಡಿ ತಂತಿಗಳು ಬಂದವು. ಇದರಲ್ಲಿ ಕಳುಹಿಸುವುದಕ್ಕೆ ಒಂದು ಜೋಡಿ, ಪಡೆಯುವುದಕ್ಕೆ ಇನ್ನೊಂದು ಜೋಡಿ. ಅಂದರೆ ಹಳಿಗಳು ಆಗಲೇ ಎರಡಾದವು! ಆದರೂ ನಡುವೆ ಕೂರಿಸುತ್ತಿದ್ದ 'ಹಬ್' ಎಂಬ ಪೆಟ್ಟಿಗೆಯು ಎಲ್ಲರ ಮಾತನ್ನೂ ಎಲ್ಲರಿಗೂ ಹಂಚುತ್ತಿದ್ದುದರಿಂದ ಸರದಿಯ ಕಟ್ಟಳೆ ಉಳಿಯಿತು. ಅದೇ ಕಾಲಕ್ಕೆ 'ಕಲ್ಪನಾ' ಎಂಬ ಸಂಸ್ಥೆಯು ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. ಹೆಸರೇ ಹೇಳುವಂತೆ ಅದರ ಸ್ಥಾಪಕರಲ್ಲಿ ಒಬ್ಬರಾದ ವಿನೋದ್ ಭಾರದ್ವಾಜ್ ಭಾರತ ಮೂಲದವರು. ಸ್ವಿಚ್ಚು ಯಾರಿಗೆ ಬಂದ ಕಂತೆಯನ್ನು ಅವರಿಗೇ ತಲಪಿಸುತ್ತದೆ. ಒಂದು ಪೋರ್ಟಿನ ಆಚೆ ಒಂದೇ ಯಂತ್ರವಿರುವಾಗ ಸರದಿ ಕಾಯುವ ಅವಶ್ಯಕತೆಯೇ ಇಲ್ಲ. ೧೯೯೫ರಲ್ಲಿ ಸೆಕೆಂಡಿಗೆ ೧೦೦ ಮೆಗಾಬಿಟ್ ವೇಗದ ಈಥರ್ನೆಟ್ಟಿಗೂ, ೧೯೯೭ರಲ್ಲಿ ಫುಲ್ ಡ್ಯೂಪ್ಲೆಕ್ಸಿಗೂ ಅಧಿಕೃತ ಮಾನಕಗಳು ದೊರೆತವು.

ಇಲ್ಲಿ ವಿದ್ಯಾರ್ಥಿಗಳು ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿಯಬೇಕು. ಜೋಡಿ ತಂತಿಯಲ್ಲಿ ಹಾಫ್ ಡ್ಯೂಪ್ಲೆಕ್ಸ್ ಎಂಬುದು ತಂತಿಯ ಗುಣವಲ್ಲ, ಯಂತ್ರದ ನಂಬಿಕೆ. 'ನಾನು ಕಳುಹಿಸುತ್ತಿರುವಾಗ ನನ್ನ ಪಡೆಯುವ ಜೋಡಿಯಲ್ಲಿ ಸಂಜ್ಞೆ ಕಂಡರೆ ಅದು ಡಿಕ್ಕಿ' ಎಂದು ಅದು ತಿಳಿದಿರುತ್ತದೆ, ಅಷ್ಟೆ. ಈಗ ತಂತಿಯ ಒಂದು ತುದಿಯ ಯಂತ್ರವು ಜೋಡಿ ಹಳಿಯೆಂದೂ ಇನ್ನೊಂದು ತುದಿಯದು ಒಂಟಿ ಹಳಿಯೆಂದೂ ನಂಬಿದರೆ ಏನಾದೀತು? ಜೋಡಿಯೆಂದು ನಂಬಿದ ಯಂತ್ರ ಯಾರನ್ನೂ ಕೇಳದೆ ತನಗೆ ಬೇಕೆಂದಾಗ ಕಳುಹಿಸುತ್ತದೆ. ಒಂಟಿಯೆಂದು ನಂಬಿದ ಯಂತ್ರ ಒಂದು ಕಂತೆಯನ್ನು ಅರ್ಧ ಕಳುಹಿಸಿರುವಾಗ ಎದುರಿನಿಂದ ಸಂಜ್ಞೆ ಬರುತ್ತದೆ. ನಿಜವಾಗಿ ಯಾವುದಕ್ಕೂ ಯಾವುದೂ ತಗುಲಿಲ್ಲ. ಎರಡೂ ಬೇರೆ ಬೇರೆ ಹಳಿಗಳಲ್ಲಿ ಹೋಗುತ್ತಿವೆ. ಆದರೂ ಅದು ಡಿಕ್ಕಿಯಾಯಿತೆಂದು ಬಗೆದು ತನ್ನ ಕಂತೆಯನ್ನು ಅಲ್ಲಿಯೇ ಕತ್ತರಿಸುತ್ತದೆ.

ನಿಯಮದ ಪ್ರಕಾರ ಡಿಕ್ಕಿಯಾಗುವುದಿದ್ದರೆ ಅದು ಕಂತೆಯ ಮೊದಲ ೫೧೨ ಬಿಟ್ಟುಗಳ ಒಳಗೇ ಆಗಬೇಕು. ೧೦೦ ಮೆಗಾಬಿಟ್ ವೇಗದಲ್ಲಿ ಇದು ೫.೧೨ ಮೈಕ್ರೊಸೆಕೆಂಡು, ಮೈಕ್ರೊಸೆಕೆಂಡು ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಸಂಜ್ಞೆಯು ನೂರು ಮೀಟರು ತಂತಿಯನ್ನು ದಾಟುವುದಕ್ಕೆ ಸುಮಾರು ಅರ್ಧ ಮೈಕ್ರೊಸೆಕೆಂಡು ಸಾಕು. ಆದುದರಿಂದ ಎದುರಿನವನೂ ಕಟ್ಟಳೆಯನ್ನು ಪಾಲಿಸುವವನಾದರೆ, ಆ ೫.೧೨ ಮೈಕ್ರೊಸೆಕೆಂಡು ಮುಗಿಯುವುದರೊಳಗೆ ನನ್ನ ದನಿ ಅವನಿಗೆ ಕೇಳಿಸಿಯೇ ಇರುತ್ತದೆ; ಆಮೇಲೆ ಅವನು ಬಾಯಿ ತೆರೆಯಲಾರನು. ಆ ಗಡಿಯ ಬಳಿಕ ಕಂಡ ಡಿಕ್ಕಿಗೆ 'ತಡವಾದ ಡಿಕ್ಕಿ' ಎಂದು ಹೆಸರು. ಸರಿಯಾದ ಜಾಲದಲ್ಲಿ ಅದು ಆಗತಕ್ಕದ್ದೇ ಅಲ್ಲ. ಹೊಂದಿಕೆ ತಪ್ಪಿದ ತಂತಿಯಲ್ಲಿಯಾದರೋ ಅದೇ ಹೆಚ್ಚು. ೧೫೧೮ ಬೈಟುಗಳ ದೊಡ್ಡ ಕಂತೆ ಹೋಗುವುದಕ್ಕೆ ಸುಮಾರು ೧೨೧ ಮೈಕ್ರೊಸೆಕೆಂಡು ಹಿಡಿಯುತ್ತದೆ. ಎದುರಿನವನು ಈ ಅವಧಿಯಲ್ಲಿ ಯಾವ ಕ್ಷಣದಲ್ಲಾದರೂ ಆರಂಭಿಸಬಹುದಾದ್ದರಿಂದ, ನೂರು ಡಿಕ್ಕಿಗಳಲ್ಲಿ ತೊಂಬತ್ತೈದಕ್ಕೂ ಹೆಚ್ಚು ತಡವಾದವೇ ಆಗುತ್ತವೆ.

ತಡವಾದ ಡಿಕ್ಕಿಗೆ ಸಿಕ್ಕ ಕಂತೆಯನ್ನು ಸಾಮಾನ್ಯವಾಗಿ ಯಂತ್ರವು ಮತ್ತೆ ಕಳುಹಿಸುವುದಿಲ್ಲ, ಎಸೆದುಬಿಡುತ್ತದೆ. ಕಂತೆ ಕಾಣೆಯಾದುದನ್ನು ಮೇಲಿನ ಹಂತದ ಟಿಸಿಪಿ ಎಂಬ ಕಟ್ಟಳೆಯು ತಾನಾಗಿ ಗುರುತಿಸಬೇಕು. ರಸೀತಿ ಬಾರದೆ ಅದು ಸೆಕೆಂಡಿನ ಐದನೆಯ ಒಂದು ಪಾಲು, ಕೆಲವೊಮ್ಮೆ ಇಡೀ ಸೆಕೆಂಡು ಕಾಯುತ್ತದೆ. ಮತ್ತೆ ಸೋತರೆ ಕಾಯುವ ಕಾಲವನ್ನು ಇಮ್ಮಡಿಸುತ್ತದೆ. ಸೆಕೆಂಡಿನ ಐದನೆಯ ಒಂದು ಪಾಲಿನಲ್ಲಿ ಆ ತಂತಿಯ ಮೇಲೆ ೧೬೦೦ ದೊಡ್ಡ ಕಂತೆಗಳು ಹೋಗಬಹುದಾಗಿತ್ತು! ಪರದೆ ನಿಂತುಬಿಡುವುದರ ಗುಟ್ಟು ಇದೇ.

ಹಾಗಾದರೆ ಬೆಳಗಿನ ಹೊತ್ತು ಎಲ್ಲವೂ ಚೆನ್ನಾಗಿದ್ದುದೇಕೆ? ಮಂಡಿಗೆ ನಮಗಿಂತ ಮೊದಲು ಬಂದವರು 'ಪಿಂಗ್' ಎಂಬ ಪರೀಕ್ಷೆಯನ್ನು ಮಾಡಿ, ತಂತಿಗೆ ದೋಷವಿಲ್ಲವೆಂದು ಹೇಳಿ ಹೋಗಿದ್ದರಂತೆ. ಪಿಂಗ್ ಕಳುಹಿಸುವುದು ಸೆಕೆಂಡಿಗೊಂದು ಪುಟ್ಟ ಕಂತೆ. ಅದು ತಂತಿಯ ಮೇಲಿರುವುದು ಆರು ಮೈಕ್ರೊಸೆಕೆಂಡಿನಷ್ಟು ಹೊತ್ತು. ಅದು ಹೋಗಿ ತಲಪಿದ ಮೇಲೆಯೇ ಉತ್ತರ ಹೊರಡುತ್ತದೆ. ದಿನಕ್ಕೆರಡು ಗಾಡಿ ಓಡುವ ದಾರಿ ಒಂಟಿ ಹಳಿಯಾದರೇನು, ಜೋಡಿಯಾದರೇನು? ದೊಡ್ಡ ಪಟ್ಟಿಯನ್ನು ತರಿಸುವಾಗ ಮಾತ್ರ ಒಂದು ಕಡೆಯಿಂದ ಕಂತೆಗಳ ಸಾಲು, ಇನ್ನೊಂದು ಕಡೆಯಿಂದ ಅವುಗಳ ರಸೀತಿಗಳ ಸಾಲು ಏಕಕಾಲದಲ್ಲಿ ಹೊರಡುತ್ತವೆ; ದೋಷವು ಆಗ ಹೊರಬೀಳುತ್ತದೆ. ಈ ಕಾರಣದಿಂದಲೇ ಪಿಂಗ್ ಒಂದನ್ನೇ ನಂಬಿ ತೀರ್ಪು ಕೊಡುವವರ ಮಾತಿಗೆ ನಾವು ಹೆಚ್ಚು ಬೆಲೆ ಕೊಡುವುದಿಲ್ಲ.

ವೇಗದ ಹೊಂದಿಕೆ ತಪ್ಪಿದರೆ ಇಷ್ಟು ಕಷ್ಟವಿಲ್ಲ. ಒಂದು ತುದಿಯನ್ನು ೧೦ಕ್ಕೂ ಇನ್ನೊಂದನ್ನು ೧೦೦ಕ್ಕೂ ಬಿಗಿದರೆ ಎರಡರ ಸಂಜ್ಞೆಗಳ ರೂಪವೇ ಬೇರೆಯಾದ್ದರಿಂದ ಸಂಪರ್ಕ ಏಳುವುದೇ ಇಲ್ಲ. ಕೆಟ್ಟಿದೆಯೆಂಬುದು ಎಲ್ಲರಿಗೂ ಕಾಣುತ್ತದೆ. ಡ್ಯೂಪ್ಲೆಕ್ಸಿನ ದೋಷವು ದೀಪವನ್ನು ಉರಿಸಿಕೊಂಡೇ ವಂಚಿಸುತ್ತದೆ.

ಇನ್ನು, ಎರಡು ತುದಿಗಳ ನಂಬಿಕೆಗಳು ಬೇರೆಯಾಗುವುದು ಹೇಗೆ? ೧೯೯೫ರ ಮಾನಕದಲ್ಲಿ ಇದಕ್ಕೆಂದೇ ಒಂದು ಮಾತುಕತೆಯನ್ನು ಗೊತ್ತುಮಾಡಿದ್ದಾರೆ. ತಂತಿಯನ್ನು ಸಿಕ್ಕಿಸಿದ ಕೂಡಲೆ ಪ್ರತಿಯೊಂದು ಯಂತ್ರವೂ ಸುಮಾರು ೧೬ ಮಿಲಿಸೆಕೆಂಡಿಗೊಮ್ಮೆ ವಿದ್ಯುತ್ ಮಿಡಿತಗಳ ಒಂದು ಗೊನೆಯನ್ನು ಕಳುಹಿಸುತ್ತದೆ. ಗೊನೆಯಲ್ಲಿ ೧೭ ಮಿಡಿತಗಳು ತಾಳ ಹಾಕುವುದಕ್ಕೆ. ಅವುಗಳ ನಡುವಿನ ೧೬ ಸಂದುಗಳಲ್ಲಿ ಮಿಡಿತವಿದ್ದರೆ 'ಒಂದು', ಇಲ್ಲದಿದ್ದರೆ 'ಸೊನ್ನೆ'. 'ನನಗೆ ೧೦ ಬರುತ್ತದೆ, ೧೦೦ ಬರುತ್ತದೆ, ಒಂಟಿ ಹಳಿಯೂ ಬರುತ್ತದೆ, ಜೋಡಿ ಹಳಿಯೂ ಬರುತ್ತದೆ' ಎಂದು ಈ ಹದಿನಾರು ಅಂಕಗಳಲ್ಲಿ ಇಬ್ಬರೂ ತಮ್ಮ ತಮ್ಮ ಶಕ್ತಿಯನ್ನು ತಿಳಿಸಿಕೊಂಡು, ಇಬ್ಬರಿಗೂ ಸಾಧ್ಯವಾದುದರಲ್ಲಿ ಉತ್ತಮವಾದುದನ್ನು ಒಪ್ಪುತ್ತಾರೆ. ಇದನ್ನೇ 'ಆಟೋ' ಎನ್ನುವುದು.

ಈಗ ಒಂದು ತುದಿಯನ್ನು ಯಾರೋ ಕೈಯಿಂದ '೧೦೦, ಫುಲ್' ಎಂದು ಬಿಗಿದರೆನ್ನಿ. ಹೀಗೆ ಬಿಗಿದಾಗ ಬಹುಮಟ್ಟಿಗೆ ಆ ಯಂತ್ರವು ಮಿಡಿತಗಳ ಗೊನೆಯನ್ನು ಕಳುಹಿಸುವುದನ್ನೇ ನಿಲ್ಲಿಸುತ್ತದೆ. ಆಟೋದಲ್ಲಿರುವ ಯಂತ್ರಕ್ಕೆ ಗೊನೆ ಕೇಳಿಸದು. ೧೦೦ ಮೆಗಾಬಿಟ್ಟಿನ ಸಂಜ್ಞೆ ಮಾತ್ರ ಕೇಳಿಸುತ್ತದೆ. ಅದರ ರೂಪದಿಂದ ವೇಗವನ್ನು ಊಹಿಸಬಹುದು. ಹಳಿ ಒಂಟಿಯೋ ಜೋಡಿಯೋ ಎಂಬುದನ್ನು ಊಹಿಸುವುದು ಸಾಧ್ಯವಿಲ್ಲ. ಅಟ್ಟದ ಮೇಲಿನ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಣಗಿದೆಯೆಂಬುದು ತಿಳಿದೀತು. ಒಳಗಿನ ಕೊಬ್ಬರಿ ಬೆಳ್ಳಗಿದೆಯೋ ಕಪ್ಪಿಟ್ಟಿದೆಯೋ ಎಂಬುದು ತಿಳಿಯುವುದೆ? ತಿಳಿಯದಿದ್ದಾಗ ಒಂಟಿ ಹಳಿಯೆಂದೇ ಭಾವಿಸತಕ್ಕದ್ದೆಂದು ಮಾನಕವು ವಿಧಿಸಿದೆ. ಹಳೆಯ ಹಬ್ಬುಗಳು ಬಳಕೆಯಲ್ಲಿದ್ದ ಕಾಲಕ್ಕೆ ಅದು ವಿವೇಕದ ನಿಯಮವೇ. ಹೀಗಾಗಿ, ಒಳ್ಳೆಯದಾಗಲೆಂದು ಒಂದು ತುದಿಯನ್ನು 'ಫುಲ್' ಎಂದು ಬಿಗಿದುದರಿಂದಲೇ ಇನ್ನೊಂದು ತುದಿ 'ಹಾಫ್' ಆಗುತ್ತದೆ! ಮೊದಲ ಸಲ ಇದನ್ನು ಕೇಳಿದವರು ನಂಬುವುದು ಕಷ್ಟ. ನಮಗೂ ಹಾಗೆಯೇ ಆಗಿತ್ತು.

ಮಂಡಿಯ ಕಚೇರಿಯಲ್ಲಿದ್ದುದು ಅದೃಷ್ಟವಶಾತ್ ಪೋರ್ಟು ಪೋರ್ಟಿಗೂ ಲೆಕ್ಕವಿಡುವ ಸ್ವಿಚ್ಚು. ಅಗ್ಗದ ಸ್ವಿಚ್ಚುಗಳಲ್ಲಿ ಈ ಸೌಕರ್ಯವಿರುವುದಿಲ್ಲ. ಆಗ ಗಣಕಯಂತ್ರದ ಜಾಲಕಾರ್ಡಿನ ವಿವರಗಳಲ್ಲಿ ವೇಗವನ್ನೂ ಡ್ಯೂಪ್ಲೆಕ್ಸನ್ನೂ ನೋಡಿಕೊಳ್ಳಬೇಕು. ನಾವು ಫೈಬರಿನ ಕಡೆಗೆ ಹೋಗುವ ಐದನೆಯ ಪೋರ್ಟಿನ ಪುಟವನ್ನು ತೆರೆದೆವು. '೧೦೦, ಹಾಫ್' ಎಂದಿತ್ತು. ಮಿಕ್ಕ ಪೋರ್ಟುಗಳೆಲ್ಲ ಫುಲ್. ತಡವಾದ ಡಿಕ್ಕಿಗಳ ಅಂಕಣದಲ್ಲಿ ದೊಡ್ಡ ಸಂಖ್ಯೆಯೇ ಇತ್ತು. ಲೆಕ್ಕವನ್ನು ಸೊನ್ನೆಗೆ ತಂದು, ಗೋದಾಮಿನಲ್ಲಿ ರಾಶಿಗಳ ಪಟ್ಟಿಯನ್ನು ತೆರೆಯಹೇಳಿದೆವು. ನಾವು ನೋಡುತ್ತಿರುವಂತೆಯೇ ಆ ಅಂಕಣ ಏರತೊಡಗಿತು. ಗೋದಾಮಿನ ಕಡೆಗೆ ದೊಡ್ಡ ಕಂತೆಗಳನ್ನು ಕಳುಹಿಸುವವನು ಒಂಟಿ ಹಳಿಯೆಂದು ನಂಬಿದ ಸ್ವಿಚ್ಚು; ಅಲ್ಲಿಂದ ರಸೀತಿಗಳು ಅವನ ಮಾತಿನ ನಡುವೆಯೇ ಬರುತ್ತಿದ್ದವು.

ಇದರ ಪ್ರತಿಬಿಂಬವು ಫುಲ್ ಇರುವ ತುದಿಯಲ್ಲಿ ಬೇರೆ ರೂಪದಲ್ಲಿ ಕಾಣುತ್ತದೆ. ಅವನಿಗೆ ಡಿಕ್ಕಿ ಎಂಬುದೇ ಇಲ್ಲ. ಎದುರಿನವನು ಕತ್ತರಿಸಿ ಬಿಟ್ಟ ತುಂಡು ಕಂತೆಗಳು ಅವನಿಗೆ ಬಂದು ಬೀಳುತ್ತವೆ. ಅವುಗಳ ಕೊನೆಯ ತಾಳೆಸಂಖ್ಯೆ ಸರಿಹೊಂದದು. ಆದುದರಿಂದ ಒಂದು ಕಡೆ ತಡವಾದ ಡಿಕ್ಕಿ, ಇನ್ನೊಂದು ಕಡೆ ತುಂಡು ಕಂತೆ ಮತ್ತು ತಾಳೆತಪ್ಪು ಇವೆರಡೂ ಜೊತೆಯಾಗಿ ಕಂಡರೆ ಡ್ಯೂಪ್ಲೆಕ್ಸಿನ ದೋಷವೆಂದು ಧೈರ್ಯವಾಗಿ ಹೇಳಬಹುದು. ತಾಳೆತಪ್ಪು ಮಾತ್ರ ಇದ್ದು, ಎರಡು ತುದಿಗಳೂ ಫುಲ್ ಆಗಿದ್ದರೆ ಇಲಿ ಕಡಿದ ತಂತಿಯನ್ನೋ, ಕಿಲುಬು ಹಿಡಿದ ಪ್ಲಗ್ಗನ್ನೋ ಹುಡುಕಬೇಕು.

ಸ್ವಿಚ್ಚಿನ ಪಕ್ಕದ ಕನ್ವರ್ಟರನ್ನು ತಿರುಗಿಸಿ ನೋಡಿದಾಗ ಅದರ ಬದಿಯ ಪುಟ್ಟ ಕೀಲಿಗಳಲ್ಲಿ ಒಂದು 'ಆಟೋ' ಬಿಟ್ಟು '೧೦೦ ಫುಲ್' ಕಡೆಗೆ ಸರಿದಿತ್ತು. ಹಿಂದಿನ ಮಳೆಗಾಲದಲ್ಲಿ ದೀಪ ಆರಿ ಆರಿ ಹತ್ತುತ್ತಿದ್ದಾಗ ಮೆಕ್ಯಾನಿಕ್ ಒಬ್ಬನು 'ಗಟ್ಟಿಯಾಗಿರಲಿ' ಎಂದು ಹಾಗೆ ಮಾಡಿದ್ದನಂತೆ. ಕೀಲಿಯನ್ನು ಆಟೋಗೆ ತಳ್ಳಿ ಕನ್ವರ್ಟರನ್ನು ಒಮ್ಮೆ ಆರಿಸಿ ಹೊತ್ತಿಸಿದೆವು. ಸ್ವಿಚ್ಚಿನ ಪುಟದಲ್ಲಿ '೧೦೦, ಫುಲ್' ಎಂದು ಮೂಡಿತು. ಪಟ್ಟಿ ತಟ್ಟನೆ ತೆರೆಯಿತು. ಹೊಸ ಗಣಕಯಂತ್ರಕ್ಕೆ ಸುರಿದ ಹಣವನ್ನು ನೆನೆದು ಮಂಡಿಯ ಯಜಮಾನರು ನಗಲೂ ಇಲ್ಲ, ಬೈಯಲೂ ಇಲ್ಲ.

ಕೆಲವು ಹಳೆಯ ಯಂತ್ರಗಳಿಗೆ ಮಾತುಕತೆ ಬಾರದು; ಅವುಗಳನ್ನು ಫುಲ್ ಎಂದು ಬಿಗಿಯಲೇಬೇಕಾದರೆ ಎದುರಿನ ಪೋರ್ಟನ್ನೂ ಅಕ್ಷರಶಃ ಹಾಗೆಯೇ ಬಿಗಿಯಬೇಕು, ಹಾಗೂ ಬಿಗಿದುದನ್ನು ಬರೆದು ಗೋಡೆಗೆ ಅಂಟಿಸಬೇಕು. ಇಲ್ಲದಿದ್ದರೆ ಮುಂದೆ ಸಿಡಿಲಿಗೆ ಸ್ವಿಚ್ಚು ಸುಟ್ಟು ಹೊಸದನ್ನು ತಂದಾಗ, ಆಟೋದಲ್ಲಿ ಬಂದ ಹೊಸ ಸ್ವಿಚ್ಚಿನೊಡನೆ ಹಳೆಯ ದೋಷವೂ ಮರಳಿ ಬರುತ್ತದೆ. ತಾಮ್ರದ ತಂತಿಯ ಗಿಗಾಬಿಟ್ ಈಥರ್ನೆಟ್ಟಿನಲ್ಲಿ, ಎಂದರೆ ೧೯೯೯ರ ಮಾನಕದಲ್ಲಿ, ಮಾತುಕತೆಯನ್ನು ಕಡ್ಡಾಯ ಮಾಡಿರುವುದರಿಂದ ಈ ತೊಡಕು ಬಹುಮಟ್ಟಿಗೆ ತಪ್ಪಿತು. ಆದರೆ ಅದಕ್ಕೆ ನಾಲ್ಕು ಜೋಡಿ ತಂತಿಗಳೂ ಬೇಕು. ಒಂದು ಜೋಡಿ ತುಂಡಾದರೆ ಕೆಲವು ಯಂತ್ರಗಳು ೧೦೦ಕ್ಕೆ ಇಳಿದು ಕೆಲಸ ಮಾಡುತ್ತವೆ. ಮತ್ತೆ ಕೆಲವು ಏಳುವುದೇ ಇಲ್ಲ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಎರಡು ಗಣಕಯಂತ್ರಗಳನ್ನು ಒಂದು ಸ್ವಿಚ್ಚಿಗೆ ಜೋಡಿಸಿ, ಒಂದರ ಜಾಲಕಾರ್ಡನ್ನು '೧೦೦, ಫುಲ್' ಎಂದು ಬಿಗಿದು, ಮೊದಲು ಪಿಂಗ್ ಮಾಡಿರಿ. ಆಮೇಲೆ ದೊಡ್ಡ ಕಡತವೊಂದನ್ನು ಎರಡು ದಿಕ್ಕಿಗೂ ನಕಲು ಮಾಡಿ ಹಿಡಿದ ಕಾಲವನ್ನು ಬರೆದುಕೊಳ್ಳಿರಿ. ಎರಡು ದಿಕ್ಕಿನ ಕಾಲಗಳು ಒಂದೇ ಆಗಿರುವುದಿಲ್ಲ. ಕಾರಣವನ್ನು ಮೇಲಿನ ವಿವರಣೆಯಿಂದ ವಾಚಕರೇ ಹುಡುಕಬಲ್ಲರು. ಪ್ರಯೋಗ ಮುಗಿದೊಡನೆ ಕಾರ್ಡನ್ನು ಆಟೋಗೆ ಮರಳಿಸುವುದನ್ನು ಮರೆಯಬಾರದು.

ಮುಂದಿನ ವಾರ ಗುಮಾಸ್ತರು ಐದನೆಯ ಪೋರ್ಟಿನ ಲೆಕ್ಕವನ್ನು ಕಾಗದದಲ್ಲಿ ಬರೆದಿಟ್ಟುಕೊಂಡಿದ್ದರು. ತಡವಾದ ಡಿಕ್ಕಿ ಸೊನ್ನೆ. ತಾಳೆತಪ್ಪು ಮಾತ್ರ ಮೂರು. ಅದರ ಜಾಡನ್ನು ಹಿಡಿದು ಹೋದಾಗ ಸ್ವಿಚ್ಚಿನಿಂದ ಕನ್ವರ್ಟರಿಗೆ ಹೋಗುವ ಗೇಣುದ್ದದ ತಂತಿಯ ಪ್ಲಗ್ಗಿನಲ್ಲಿ ಕಿಲುಬು ಕಂಡಿತು. ಮಳೆಗಾಲದಲ್ಲಿ ದೀಪ ಆರಿ ಆರಿ ಹತ್ತುತ್ತಿದ್ದುದಕ್ಕೆ ಮೂಲವೂ ಅದೇ ಆಗಿದ್ದಿತು.